ಒಬ್ಬನನ್ನು ಕೊಯ್ದರೆ ಐವರು

ನೆವಿಲ್ ಬ್ರಾಡಕ್ ದಡ್ಡನಲ್ಲ. ದಡ್ಡನಾಗಿದ್ದರೆ ‘ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳು’ ಎಂದು ಕೇಳುತ್ತಿದ್ದ, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನಿಗಿದ್ದದ್ದು ಅದಕ್ಕಿಂತ ಕೆಟ್ಟ ಚಾಳಿ. ಗೊತ್ತಿಲ್ಲದ ಮಾತಿಗೆಲ್ಲ ಗೊತ್ತಿರುವವನಂತೆ ತಲೆಯಾಡಿಸುವುದು.

ಆಕರ್ಬಿ ಎಂಬ ಊರಿನಲ್ಲಿ ಮನೆಮನೆಗೆ ಕಾರ್ಪೆಟ್ ಹಾಸುವುದು ಅವನ ಕಸುಬು. ಮಂಡಿಯೂರಿ ಊರಿನ ನೆಲವನ್ನೆಲ್ಲ ನೋಡಿದವನು. ತಲೆಯೆತ್ತಿ ಆಕಾಶ ನೋಡುವ ಅಭ್ಯಾಸ ಅವನಿಗೂ ಇರಲಿಲ್ಲ, ಅವನಪ್ಪನಿಗೂ ಇರಲಿಲ್ಲ. ಅಂಥವನ ಮಗಳು ಬ್ರಯೊನಿ, ಹದಿನೇಳು ವರ್ಷದವಳು, ಸಿಕ್ಸ್ತ್ ಫಾರ್ಮ್, ಎಂದರೆ ಅಲ್ಲಿನ ಪಿಯುಸಿ, ಸೇರುವಾಗ ಧರ್ಮ, ತತ್ವ ಮತ್ತು ನೀತಿಶಾಸ್ತ್ರ ತೆಗೆದುಕೊಂಡಳು. ದೇವರಿದ್ದಾನೆಯೇ, ಇದ್ದರೆ ಲೋಕದಲ್ಲಿ ಇಷ್ಟು ಕೇಡೇಕೆ, ಸುಳ್ಳು ಹೇಳುವುದು ಯಾವಾಗ ತಪ್ಪಲ್ಲ, ಇಂಥವೇ ಎರಡು ವರ್ಷ ಪಾಠ. ಕೊನೆಗೆ ಅದಕ್ಕೊಂದು ಪರೀಕ್ಷೆ, ಅಂಕ. ನೆವಿಲ್‌ಗೆ ಕೋಡು ಮೂಡಿತು.

‘ನಿನ್ನೆ ನಾನೂ ಬ್ರಯೊನಿಯೂ ಕೂತು ದೇವರು ಇದಾನೋ ಇಲ್ವೋ ಅಂತ ನೋಡ್ತಿದ್ವಿ,’ ಎಂದು ಪಬ್ಬಿನಲ್ಲಿ ಹೇಳುತ್ತಿದ್ದ.

‘ಏನಾಯ್ತು ಕೊನೆಗೆ?’

‘ಇನ್ನೂ ಸ್ವಲ್ಪ ಬಾಕಿ ಇದೆ.’

ನಿಜ ಏನೆಂದರೆ, ಬ್ರಯೊನಿ ಪಾಠ ಹೇಳುತ್ತಿದ್ದಳು, ಇವನು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದ. ‘ಹೂಂ. ಗೊತ್ತು. ಅದು ಹಾಗೇ,’ ಎಂದು ತಲೆಯಾಡಿಸುತ್ತಿದ್ದ. ಒಂದು ಭಾನುವಾರ ರಾತ್ರಿಯೂ ಅದೇ ಆಯಿತು. ಅವಳು ಎದುರಿಗೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದಳು: ಗುರುವಾರ ಸಂಜೆ ಶಾಲೆಯ ಸಭಾಂಗಣದಲ್ಲಿ ಊರವರ ಮುಂದೆ ಚರ್ಚೆ ಇದೆ, ಮೇಷ್ಟ್ರು ಅಪ್‌ಜಾನ್ ಟೋಪಿಯೊಳಗೆ ಚೀಟಿ ಹಾಕಿ ಎತ್ತಿಸಿದ್ದಾರೆ, ಯಾರಿಗೆ ಯಾವ ಪಕ್ಷ ಬಂತೋ ಅದನ್ನೇ ವಾದಿಸಬೇಕು, ಸ್ವಂತ ನಂಬಿಕೆ ಏನಿದ್ದರೂ ಮನೆಯಲ್ಲೇ ಬಿಟ್ಟು ಬರಬೇಕು. ಆಸ್ಪತ್ರೆಯಲ್ಲಿ ಐದು ಜನ ಸಾಯುತ್ತಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಅಂಗ ಬೇಕು. ಒಬ್ಬ ಆರೋಗ್ಯವಂತ ಮೇಜಿನ ಮೇಲೆ ಮಲಗಿದ್ದಾನೆ. ಅವನನ್ನು ಕೊಯ್ದು ಐವರನ್ನು ಉಳಿಸಬಹುದೇ? ಬ್ರಯೊನಿಯ ಚೀಟಿಯಲ್ಲಿ ಬಂದದ್ದು ‘ಕೊಯ್ಯಬಹುದು’. ಮೇಷ್ಟ್ರ ಅಪ್ಪಣೆ ಇನ್ನೊಂದಿತ್ತು: ಆ ಒಬ್ಬನ ಜಾಗದಲ್ಲಿ ಗುರುತಿನ ಒಬ್ಬರನ್ನು ಇಟ್ಟುಕೊಂಡೇ ವಾದ ಕಟ್ಟಬೇಕು.

‘ನಿನ್ನನ್ನೇ ಇಟ್ಕೊಳ್ಳಲಾ ಅಪ್ಪ?’

ಅದೇ ಹೊತ್ತಿಗೆ ಟಿವಿಯಲ್ಲಿ ಪೆನಾಲ್ಟಿ. ‘ಇಟ್ಕೋ, ಇಟ್ಕೋ. ಪಕ್ಕಕ್ಕೆ ಸರಿ,’ ಎಂದ ನೆವಿಲ್.

ಹೀಗೆ ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡು, ಅದು ಹಗ್ಗ ಎಂಬುದೂ ತಿಳಿಯದೆ ಅವನು ಮರುದಿನ ಕೆಲಸಕ್ಕೆ ಹೋದ.

ಇನ್ನೊಂದು ವಿಷಯ ಹೇಳಬೇಕು. ಕಾರ್ಪೆಟ್ ಸುರುಳಿ ಹೊತ್ತು ಹೊತ್ತು ನೆವಿಲ್‌ಗೆ ಹರ್ನಿಯಾ ಆಗಿತ್ತು. ವರ್ಷದಿಂದ ಸರದಿಯಲ್ಲಿ ಕಾದು ಕೊನೆಗೂ ಆಸ್ಪತ್ರೆಯವರು ಕರೆದಿದ್ದರು. ಬರುವ ಶುಕ್ರವಾರ ಬೆಳಿಗ್ಗೆ ಆಪರೇಷನ್. ಆಪರೇಷನ್ ಎಂದರೆ ಅವನಿಗೆ ಸಾವಿನ ಇನ್ನೊಂದು ಹೆಸರು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತು ‘ಅಮ್ಮಾ’ ಎಂದು ಕೂಗಿದವನು ಅವನು. ಆಗ ಅವನಿಗೆ ನಲವತ್ತು ದಾಟಿತ್ತು, ಡಾಕ್ಟರು ಇನ್ನೂ ಕೈ ತೊಳೆಯುತ್ತಿದ್ದರು.

ಅಂದು ಸಂಜೆ ಹಿಂಬಾಗಿಲಲ್ಲಿ ಕೂತು ಬೂಟು ಬಿಚ್ಚುತ್ತಿದ್ದಾಗ ಅಡುಗೆಮನೆಯಲ್ಲಿ ಮಾತು ಕೇಳಿತು. ಬ್ರಯೊನಿ ಮತ್ತು ಅವಳ ಗೆಳತಿ ಸುಮೈರಾ.

‘ಐವತ್ನಾಲ್ಕು ವರ್ಷ,’ ಎನ್ನುತ್ತಿದ್ದಳು ಬ್ರಯೊನಿ. ‘ಕಾರ್ಪೆಟ್ ಹಾಸ್ತಾನೆ. ಮಂಡಿ ಹೋಗಿದೆ, ಹರ್ನಿಯಾ ಇದೆ. ಆದ್ರೆ ಹೃದಯ ಗಟ್ಟಿ, ಕಿಡ್ನಿ ಎರಡೂ ಚೆನ್ನಾಗಿವೆ. ಹೇಗೂ ಡಾಕ್ಟರ ಮೇಜಿನ ಮೇಲೆ ಮಲಗಿರ್ತಾನೆ. ಅರಿವೂ ಇರಲ್ಲ. ಅವನೊಬ್ಬ ಹೋದ್ರೆ ಐದು ಜನ ಉಳೀತಾರೆ. ಯಾಕೆ ಕೊಯ್ಬಾರ್ದು ಹೇಳು?’

‘ಮನೇಲಿ ಅಳೋರು ಇರಲ್ವೇನೇ?’

‘ಅದನ್ನೂ ಲೆಕ್ಕಕ್ಕೆ ಹಿಡೀಬೇಕು. ಅಮ್ಮ ಒಂದು ಬೇಸಗೆ ಅಳ್ತಾಳೆ ಅನ್ನೋಣ.’

‘ಗೊರಕೆ ಹೊಡೀತಾರೆ ಅಂದಿದ್ಯಲ್ಲ? ಅದು ನಿಂತ್ರೆ ಆಂಟಿಗೆ ಲಾಭ ತಾನೆ. ಅಷ್ಟನ್ನ ಅಳುವಿಂದ ಕಳೀಬೇಕಾಗತ್ತೆ.’

‘ಹೌದಲ್ವಾ! ಹಾಗಾದ್ರೆ ಅರ್ಧ ಬೇಸಗೆ.’

ನೆವಿಲ್ ಬೂಟು ಬಿಚ್ಚುವುದನ್ನು ನಿಲ್ಲಿಸಿದ. ಒಂದು ಕಾಲಿನ ಬೂಟು ಕೈಯಲ್ಲಿ, ಇನ್ನೊಂದು ಕಾಲಲ್ಲೇ. ಬುದ್ಧಿ ಇರುವವನು ಬಾಗಿಲು ತಳ್ಳಿ ‘ಏನ್ರೇ ಇದು?’ ಎಂದು ಕೇಳುತ್ತಿದ್ದ. ಆದರೆ ಇವನು ಇಷ್ಟು ದಿನ ಎಲ್ಲಕ್ಕೂ ‘ಗೊತ್ತು’ ಎಂದವನು. ಈಗ ಯಾವ ಬಾಯಲ್ಲಿ ಕೇಳುವುದು? ಕುಂಟುತ್ತ ಹಿತ್ತಲಿಗೆ ಹೋಗಿ ಬೇಲಿ ಹಿಡಿದು ನಿಂತ.

ಬೇಲಿಯಾಚೆ ಮಾರ್ಲೀನ್ ಬಟ್ಟೆ ಒಣಹಾಕುತ್ತಿದ್ದಳು. ಪಕ್ಕದ ಮನೆಯವಳು, ತಾನು ವಿಧವೆ ಎಂದು ಹೇಳಿಕೊಳ್ಳುವವಳು. ಊರಿನಲ್ಲಿ ಯಾರಿಗೆ ಯಾವ ರೋಗ, ಯಾವ ಮಾತ್ರೆ ಎಂಬುದು ಔಷಧದಂಗಡಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

‘ಏನ್ ಮರಿ, ಸುಣ್ಣ ಬಳಿದ ಹಾಗಿದೆ ಮುಖ? ಶುಕ್ರವಾರದ ಯೋಚನೇನಾ?’

‘ಮಾರ್ಲೀನ್, ಒಂದು ಮಾತು. ಮೇಜಿನ ಮೇಲೆ ಮಲಗಿರೋವಾಗ... ಇದಕ್ಕೆ ಅಂತ ಹೋದೋನ ಹತ್ರ ಬೇರೆ ಏನಾದ್ರೂ ತೆಗೆದುಕೊಳ್ಳೋಕೆ ಆಗತ್ತಾ?’

‘ಬೇರೆ ಏನು?’

‘ಕಿಡ್ನಿ, ಗಿಡ್ನಿ.’

ಮಾರ್ಲೀನ್ ಬಾಯಲ್ಲಿದ್ದ ಕ್ಲಿಪ್ಪು ತೆಗೆದಳು. ‘ಅಯ್ಯೋ, ಕಾನೂನೇ ಬದಲಾಗಿದೆಯಲ್ಲ! ಮುಂಚೆ ಕೊಡ್ತೀನಿ ಅಂದೋರ ಹತ್ರ ಮಾತ್ರ ತಗೋತಿದ್ರು. ಈಗ ಬೇಡ ಅಂತ ಮೊದಲೇ ಹೇಳಿಡದಿದ್ರೆ ಎಲ್ಲರೂ ಕೊಟ್ಟ ಹಾಗೇ ಲೆಕ್ಕ. ನೀನು ಬೇಡ ಅಂತ ಹೇಳಿಟ್ಟಿದ್ಯಾ?’

‘ಇಲ್ಲ.’

‘ಹಾಗಾದ್ರೆ ಕೊಟ್ಟ ಹಾಗೇ.’

ಇದೆಲ್ಲ ಸತ್ತ ಮೇಲಿನ ಮಾತು ಎಂಬುದನ್ನು ಅವಳು ಹೇಳಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ, ಮಾರ್ಲೀನ್ ವಿಷಯದಲ್ಲಿ ಹೇಳುವುದು ಕಷ್ಟ. ‘ನಮ್ಮ ಯಜಮಾನರು ಕಾಲಿನ ಹೆಬ್ಬೆರಳಿಗೆ ಅಂತ ಹೋದರು,’ ಎಂದು ಸೇರಿಸಿದಳು. ‘ತಿರುಗಿ ಬಂದರಾ? ಬರಲಿಲ್ಲ.’ ಅವಳ ಯಜಮಾನ ಆಸ್ಪತ್ರೆಯಿಂದ ನೇರ ಸ್ಪೇನ್‌ಗೆ, ಅಲ್ಲಿನ ಒಬ್ಬ ಹೆಂಗಸಿನ ಮನೆಗೆ ಹೋದ ಸಂಗತಿ ಊರಿಗೇ ಗೊತ್ತು. ಭಯ ಹೊಕ್ಕ ತಲೆಗೆ ಅದೆಲ್ಲಿ ನೆನಪಾಗಬೇಕು!

ಅಂದಿನ ಊಟದ ಮೇಜಿನಲ್ಲಿ ಪೈ, ಬಟಾಣಿ, ಗ್ರೇವಿ. ಹೆಂಡತಿ ಗ್ಲೆನಿಸ್ ಬಡಿಸಿದಳು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಾ ಅಡುಗೆ ಮಾಡುವ ಗಟ್ಟಿ ಹೆಂಗಸು ಅವಳು. ಬ್ರಯೊನಿ ಅಪ್ಪನನ್ನೇ ನೋಡುತ್ತ ಕೂತಿದ್ದಳು.

‘ಅಪ್ಪ, ನಿನ್ನ ರಕ್ತದ ಗುಂಪು ಯಾವ್ದು?’

ನೆವಿಲ್‌ನ ಗಂಟಲಲ್ಲಿ ಬಟಾಣಿ ಸಿಕ್ಕಿತು. ‘ಯಾಕೆ?’

‘ಗುರುವಾರಕ್ಕೆ ಬೇಕು. ನಿನ್ನ ಕಣ್ಣು ಈಗಲೂ ಚೆನ್ನಾಗಿದೆ ಅಲ್ವಾ?’

‘ಇಲ್ಲ!’ ಎಂದು ಕೂಗಿದ. ‘ಏನೂ ಕಾಣಲ್ಲ. ಕಿಡ್ನೀನೂ ಸರಿಯಿಲ್ಲ. ಲಿವರು ಕೇಳಲೇಬೇಡ.’

‘ನೆವ್,’ ಎಂದಳು ಗ್ಲೆನಿಸ್, ‘ಊಟದ ಹೊತ್ತಲ್ಲಿ ಲಿವರಿನ ಮಾತು ಬೇಡ.’

ಮರುದಿನ ಎದ್ದವನೇ ನೆವಿಲ್ ಒಂದು ನಿರ್ಧಾರಕ್ಕೆ ಬಂದ. ಕೆಟ್ಟ ಸರಕನ್ನು ಯಾರೂ ಕೊಳ್ಳುವುದಿಲ್ಲ. ಮಾಲು ಕೆಡಿಸಬೇಕು. ಹೀಗೆಂದು ಬೆಳಿಗ್ಗೆಯೇ ಕರಿದ ಮೀನು, ಚಿಪ್ಸ್ ತಿಂದ. ಮಧ್ಯಾಹ್ನ ಇನ್ನೊಂದು ಪೊಟ್ಟಣ ತಿಂದ. ಹುಟ್ಟಿದಾಗಿನಿಂದ ಸೇದದವನು ದೊಡ್ಡದೊಂದು ಚುಟ್ಟ ಕೊಂಡು ಹಿತ್ತಲಿನ ಶೆಡ್ಡಿನಲ್ಲಿ ಕೂತು, ಶ್ವಾಸಕೋಶ ಕೆಡಲಿ ಎಂದು ಶ್ರದ್ಧೆಯಿಂದ ಸೇದಿದ. ಕಣ್ಣಲ್ಲಿ ನೀರು, ಮೂಗಲ್ಲಿ ಹೊಗೆ. ಗ್ಲೆನಿಸ್ ಬಾಗಿಲು ತೆಗೆದಾಗ ಬಕೆಟ್ಟಿನ ಮೇಲೆ ಬಗ್ಗಿದ್ದ.

‘ಏನು ಮಾಡ್ತಿದೀಯ?’

‘ಸುಮ್ನೆ,’ ಎಂದ ಬಕೆಟ್ಟಿನೊಳಗಿಂದ.

ಶರೀರ ಅಷ್ಟು ಬೇಗ ಕೆಡುವುದಿಲ್ಲ ಎಂದು ಸಂಜೆಯ ಹೊತ್ತಿಗೆ ಅರಿವಾಯಿತು. ಉಳಿದದ್ದು ದೇವರು. ಮದುವೆಯಾದ ಮೇಲೆ ಚರ್ಚಿನ ಒಳಗೆ ಕಾಲಿಡದವನು, ಅಲ್ಲಿನ ಕಾರ್ಪೆಟ್ ಹಾಸಲು ಹೋದದ್ದು ಬಿಟ್ಟರೆ, ಈಗ ಓಡಿದ. ಪಾದ್ರಿ ಫಿಲಿಪ್ಪಾ ಹೆಂಗಸು; ಹಳೆ ಬಟ್ಟೆ ಮಾರಾಟಕ್ಕೆಂದು ಸ್ವೆಟರು ಬೇರ್ಪಡಿಸುತ್ತಿದ್ದಳು.

‘ಪಾದ್ರಿಯಮ್ಮ, ನನ್ನ ಸ್ನೇಹಿತ ಒಬ್ಬ ಇದಾನೆ,’ ಎಂದು ಶುರುಮಾಡಿದ ನೆವಿಲ್. ‘ಮನೆಯವರು ಅವನದ್ದನ್ನೆಲ್ಲ ಬಿಡಿಸಿ ಐದು ಜನಕ್ಕೆ ಹಂಚಬೇಕು ಅಂತಿದಾರೆ.’

‘ಆಸ್ತಿಯನ್ನಾ?’

‘ಇಲ್ಲ. ಅವನನ್ನೇ.’

ಪಾದ್ರಿಯಮ್ಮನ ಕೈಯಲ್ಲಿದ್ದ ಸ್ವೆಟರು ಹಾಗೇ ನಿಂತಿತು. ‘ಕೂತ್ಕೊಳ್ಳಿ ಮಿಸ್ಟರ್ ಬ್ರಾಡಕ್. ಯಾರು ಹಾಗಂದಿದ್ದು?’

‘ಅವನ ಮಗಳು. ಶುಕ್ರವಾರ ಮುಹೂರ್ತ. ಒಬ್ಬ ಹೋದರೆ ಐದು ಜನ ಉಳೀತಾರಂತೆ. ನೀವೇ ಹೇಳಿ, ಇದು ಸರೀನಾ?’

ಬೇರೆ ಯಾರಾದರೂ ‘ಖಂಡಿತ ತಪ್ಪು’ ಎಂದು ಮೇಜು ಗುದ್ದುತ್ತಿದ್ದರು. ಆದರೆ ಫಿಲಿಪ್ಪಾ ಓದಿಕೊಂಡವಳು. ಓದಿಕೊಂಡವರ ಹತ್ತಿರ ಭಯಸ್ಥರು ಹೋಗಬಾರದು.

‘ತುಂಬ ಗಹನವಾದ ಪ್ರಶ್ನೆ,’ ಎಂದಳು. ‘ಎರಡೂ ಕಡೆ ಹೇಳೋದಿದೆ.’

‘ಎರಡೂ ಕಡೆನಾ!’

‘ಜೀವ ದೇವರದ್ದು, ಮುಟ್ಟಬಾರದು ಅನ್ನೋದು ಒಂದು. ತನ್ನನ್ನೇ ಕೊಟ್ಟು ಬೇರೆಯವರನ್ನ ಉಳಿಸೋದು ದೊಡ್ಡದು ಅನ್ನೋದೂ ಇದೆಯಲ್ಲ, ಇಲ್ಲಿ ಗೋಡೆ ಮೇಲೇ ತೂಗಿ ಹಾಕಿದೀವಿ.’

ನೆವಿಲ್ ಗೋಡೆ ನೋಡಿದ. ಶಿಲುಬೆ.

‘ಅಂದ ಹಾಗೆ,’ ಎಂದಳು ಪಾದ್ರಿಯಮ್ಮ ಮೃದುವಾಗಿ, ‘ನಿಮ್ಮ ಸ್ನೇಹಿತರಿಗೂ ಹರ್ನಿಯಾನಾ?’

‘ಹೌದು. ಅವನೂ ಕಾರ್ಪೆಟ್ಟೇ ಹಾಸೋದು.’

ಅವನು ಹೋಗುತ್ತಲೇ ಪಾದ್ರಿಯಮ್ಮ ಫೋನ್ ಎತ್ತಿದಳು. ಆ ದೇಶದ ಪಾದ್ರಿಗಳು ದೇವರಿಗೆ ಎಷ್ಟು ಹೆದರುತ್ತಾರೋ ಹೇಳಲಾರೆ. ಆದರೆ ಮನೆಯಲ್ಲಿ ಒಬ್ಬರ ಜೀವಕ್ಕೆ ಅಪಾಯ ಎಂದು ಕಿವಿಗೆ ಬಿದ್ದಮೇಲೂ ಮೇಲಿನವರಿಗೆ ತಿಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚೆನ್ನಾಗಿ ಹೆದರುತ್ತಾರೆ.

ಬುಧವಾರ ಬಾಗಿಲು ತಟ್ಟಿದ್ದು ಕೌನ್ಸಿಲ್‌ನ ಕುಟುಂಬ ರಕ್ಷಣಾ ಅಧಿಕಾರಿ ಮಿಸೆಸ್ ಓಲ್ಡ್‌ರಾಯ್ಡ್. ಬೂದು ಕೋಟು, ಕುತ್ತಿಗೆಗೆ ಗುರುತಿನ ಚೀಟಿ, ಮುಖದಲ್ಲಿ ಸಾವಿನ ಮನೆಗೆ ಬಂದವರ ಅನುಕಂಪ. ಮುಂಭಾಗದ ಕೋಣೆಯಲ್ಲಿ ನೆವಿಲ್‌ನನ್ನು ಒಬ್ಬನೇ ಕೂರಿಸಿ ಬಾಗಿಲು ಹಾಕಿಕೊಂಡಳು.

‘ಮಿಸ್ಟರ್ ಬ್ರಾಡಕ್, ಈ ಮನೆಯಲ್ಲಿ ನಿಮಗೆ ಸುರಕ್ಷಿತ ಅನ್ನಿಸ್ತಿದೆಯಾ?’

ನೆವಿಲ್ ಬಾಯಿ ತೆರೆದ. ಹೇಳಿಬಿಡಬೇಕು, ಎಲ್ಲವನ್ನೂ ಹೇಳಿಬಿಡಬೇಕು. ಅಷ್ಟರಲ್ಲಿ ಇನ್ನೊಂದು ಭಯ ಹಿಂದಿನಿಂದ ಬಂದು ಮೊದಲನೆಯದನ್ನು ತಳ್ಳಿ ಮುಂದೆ ಕೂತಿತು. ಇವಳಿಗೆ ಹೇಳಿದರೆ ಪೊಲೀಸರು ಬರುತ್ತಾರೆ. ಬ್ರಯೊನಿಯನ್ನು ಹಿಡಿದುಕೊಂಡು ಹೋಗುತ್ತಾರೆ. ಮೂರು ವರ್ಷದವಳಿದ್ದಾಗ ಕಾರ್ಪೆಟ್ ಸುರುಳಿಯೊಳಗೆ ತೂರಿ ಆಚೆ ಕಡೆಯಿಂದ ‘ಬೌ’ ಎನ್ನುತ್ತಿದ್ದ ಕೂಸು ಅದು.

‘ಮಗಳು ಬಂಗಾರ,’ ಎಂದ. ‘ನೊಣಕ್ಕೂ ನೋವು ಮಾಡೋಳಲ್ಲ.’

‘ಶುಕ್ರವಾರ ಏನಿದೆ?’

‘ಏನಿದ್ರೂ ನನ್ನ ಒಪ್ಪಿಗೆ ಇದೆ.’

‘ಯಾವುದಕ್ಕೆ ಒಪ್ಪಿಗೆ?’

‘ಅವಳು ಏನು ಹೇಳಿದ್ರೆ ಅದಕ್ಕೆ.’

ಮಿಸೆಸ್ ಓಲ್ಡ್‌ರಾಯ್ಡ್‌ಳ ಹುಬ್ಬು ಮೇಲಕ್ಕೇರಿತು. ‘ಹೀಗೆ ಹೇಳು ಅಂತ ಯಾರಾದ್ರೂ ಹೇಳಿಕೊಟ್ಟಿದಾರಾ?’

‘ಇಲ್ಲ ಇಲ್ಲ! ಅವಳಿಗೆ ಗೊತ್ತೇ ಇಲ್ಲ, ನನಗೆ ಗೊತ್ತಿದೆ ಅಂತ!’

ಅಷ್ಟರಲ್ಲಿ ಬ್ರಯೊನಿ ಟೀ ತಂದಳು. ‘ನಿನಗೆ ಸಕ್ಕರೆ ಜಾಸ್ತಿ ಹಾಕಿದೀನಿ ಅಪ್ಪ, ಶುಕ್ರವಾರ ಉಪವಾಸ ಇರ್ಬೇಕಲ್ಲ,’ ಎಂದು ಇಟ್ಟು ಹೋದಳು. ನೆವಿಲ್ ಲೋಟ ನೋಡಿದ. ಮಿಸೆಸ್ ಓಲ್ಡ್‌ರಾಯ್ಡ್ ಲೋಟ ನೋಡಿದಳು. ಕುಡಿಯದಿದ್ದರೆ ಮಗಳ ಮೇಲೆ ಅನುಮಾನ. ಹಾಗೆಂದು ಕುದಿಯುವ ಟೀಯನ್ನು ಒಂದೇ ಗುಟುಕಿಗೆ ಒಳಗಿಳಿಸಿದ. ನಾಲಿಗೆ ಬೆಂದು, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

‘ಅತ್ತುಬಿಡಿ, ಮಿಸ್ಟರ್ ಬ್ರಾಡಕ್,’ ಎಂದಳು ಅವಳು ಕರವಸ್ತ್ರ ಚಾಚಿ. ‘ಗಂಡಸರೂ ಅಳಬಹುದು.’

ಅಲ್ಲಿಂದ ಅವಳು ನೇರ ಸಿಕ್ಸ್ತ್ ಫಾರ್ಮಿಗೇ ಹೋದಳು. ಮೇಷ್ಟ್ರು ಅಪ್‌ಜಾನ್ ಟೋಪಿ, ಚೀಟಿ, ಐದು ಜನ ರೋಗಿಗಳು ಎಲ್ಲವನ್ನೂ ಹೇಳಿ, ಬೇಕಾದರೆ ಎದುರು ಪಕ್ಷದ ವಾದವನ್ನೂ ಹೇಳುವುದಾಗಿ ಹೊರಟರು. ಬೇಡ ಎಂದು ಮಿಸೆಸ್ ಓಲ್ಡ್‌ರಾಯ್ಡ್ ಎದ್ದಳು. ನಗಲಿಲ್ಲ, ಕೆಲಸದ ಹೊತ್ತಿನಲ್ಲಿ ಅಧಿಕಾರಿಗಳು ನಗುವುದಿಲ್ಲ. ಗ್ಲೆನಿಸ್‌ಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಗ್ಲೆನಿಸ್ ಶಾಲೆಯ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಮಕ್ಕಳ ಕಸ್ಟರ್ಡ್ ತಳಹತ್ತುವವರೆಗೆ ನಕ್ಕಳು.

ಗಂಡನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ.

‘ಗುರುವಾರ ಸಂಜೆ ಒಳ್ಳೆ ಅಂಗಿ ಹಾಕ್ಕೋ. ಮಗಳ ಚರ್ಚೆಗೆ ಹೋಗ್ಬೇಕು,’ ಎಂದಳು.

‘ನಾನು ಬರಲ್ಲ.’

‘ಬರ್ತೀಯ. ವರ್ಷದಿಂದ ಗೊತ್ತು ಗೊತ್ತು ಅಂತ ತಲೆ ಆಡಿಸಿದೀಯಲ್ಲ, ಒಂದಿನ ಕೂತು ಕೇಳು.’

ಸಭಾಂಗಣ ತುಂಬಿತ್ತು. ಬಾಗಿಲ ಬಳಿ ಟೀ, ಬಿಸ್ಕತ್ತು. ಮಾರ್ಲೀನ್ ಮುಂದಿನ ಸಾಲಿನಲ್ಲಿದ್ದಳು; ಮಿಸೆಸ್ ಓಲ್ಡ್‌ರಾಯ್ಡ್ ಪಕ್ಕದ ಗೋಡೆಗೆ ಒರಗಿ, ತನ್ನ ಕೆಲಸ ಇಲ್ಲಿಗೆ ಮುಗಿಯಿತು ಎಂಬ ನೆಮ್ಮದಿಯಲ್ಲಿದ್ದಳು. ನೆವಿಲ್ ಓಡಲು ಅನುಕೂಲವಾಗುವಂತೆ ಕೊನೆಯ ಸಾಲಿನ ಕೊನೆಯ ಕುರ್ಚಿ ಹಿಡಿದ. ಗ್ಲೆನಿಸ್ ಅವನ ಕೋಟಿನ ತುದಿಯ ಮೇಲೆ ಕೂತಳು.

ಮೇಷ್ಟ್ರು ಅಪ್‌ಜಾನ್ ಎದ್ದು ನಿಂತು ಚರ್ಚೆಯ ನಿಯಮ ಹೇಳಿದರು. ‘ಇಲ್ಲಿ ಯಾರೂ ತಾವು ನಂಬಿದ್ದನ್ನ ಹೇಳಲ್ಲ. ಚೀಟಿಯಲ್ಲಿ ಬಂದದ್ದನ್ನ ಹೇಳ್ತಾರೆ. ತನಗೆ ಒಪ್ಪಿಗೆಯಿಲ್ಲದ ಮಾತನ್ನ ಒಪ್ಪೋರಿಗಿಂತ ಚೆನ್ನಾಗಿ ಹೇಳೋಕೆ ಬಂದ್ರೆ ನಮ್ಮ ಪಾಠ ಬಂತು ಅಂತ ಅರ್ಥ.’

ನೆವಿಲ್‌ಗೆ ಆ ಮಾತನ್ನು ಒಳಗೆ ಬಿಟ್ಟುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗ್ಲೆನಿಸ್ ಕಡೆ ತಿರುಗಿದ. ಅವಳು ಎದುರಿಗೇ ನೋಡುತ್ತಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು.

‘ಚೀಟಿನಾ?’ ಎಂದ.

‘ಚೀಟಿ.’

‘ಎಲ್ಲಾ?’

‘ಎಲ್ಲಾ. ಚುಟ್ಟ ಒಂದು ಬಿಟ್ಟು. ಅದು ನಿನ್ನ ಸ್ವಂತದ್ದು.’

ಎದೆಯ ಮೇಲಿಂದ ಕಾರ್ಪೆಟ್ ಗೋದಾಮೇ ಇಳಿದಂತಾಯಿತು. ನೆವಿಲ್ ಕಾಲು ಚಾಚಿದ. ಸುಮೈರಾ ಮೊದಲು ಮಾತಾಡಿದಳು: ಜೀವ ಕೊಟ್ಟವನಿಗೆ ಬಿಟ್ಟು ಬೇರೆಯವರಿಗೆ ತೆಗೆಯುವ ಹಕ್ಕಿಲ್ಲ, ಮನುಷ್ಯ ಬಿಡಿಭಾಗದ ಅಂಗಡಿಯಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನೆವಿಲ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಆಮೇಲೆ ಬ್ರಯೊನಿ ಎದ್ದಳು.

ಅವಳು ಕೈಯಲ್ಲಿ ಏನೂ ಹಿಡಿದಿರಲಿಲ್ಲ. ‘ಒಬ್ಬ ಮನುಷ್ಯ,’ ಎಂದು ಶುರುಮಾಡಿದಳು, ‘ಒಳ್ಳೆಯವನು. ಬೇರೆಯವರ ಮನೆ ನೆಲ ಬೆಚ್ಚಗಿರ್ಲಿ ಅಂತ ತನ್ನ ಮಂಡಿ ಸವೆಸಿದೋನು. ಅವನು ಸಾಯೋದು ಅನ್ಯಾಯ. ಒಪ್ಪಿದೆ. ಆದ್ರೆ ಪಕ್ಕದ ಕೋಣೆಯಲ್ಲಿರೋ ಐದು ಜನಾನೂ ಒಳ್ಳೆಯವರೇ. ಅವರಿಗೂ ಹಿಂಬಾಗಿಲಲ್ಲಿ ಬೂಟಿನ ಸದ್ದಿಗೆ ಕಾಯೋ ಹೆಣ್ಣುಮಕ್ಕಳು ಇದಾರೆ. ನನ್ನ ಅಪ್ಪ ಮನೆಗೆ ಬರ್ಲಿ ಅಂತ ನಾನು ಬೇಡ್ಕೊಂಡ್ರೆ, ಆ ಐದು ಹುಡುಗೀರಿಗೆ ನಿಮ್ಮಪ್ಪ ಬರೋದು ಬೇಡ ಅಂತ ಹೇಳಿದ ಹಾಗೆ. ಯಾವ ಮುಖ ಇಟ್ಕೊಂಡು ಹೇಳ್ಲಿ? ಅವನು ನನ್ನೋನು ಅನ್ನೋದು ಬಿಟ್ರೆ ನನ್ನ ಹತ್ರ ಬೇರೆ ಏನು ಕಾರಣ ಇದೆ?’

ಮಾರ್ಲೀನ್ ಮೂಗು ಒರೆಸಿಕೊಂಡಳು. ನೆವಿಲ್ ಚಾಚಿದ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಹೋಗಿದ್ದ ಭಯ ತಿರುಗಿ ಬರುತ್ತಿತ್ತು, ಈ ಸಲ ಬೇರೆ ಬಾಗಿಲಿನಿಂದ. ಚೀಟಿಯ ಮಾತೇ ಇರಬಹುದು. ಅವಳು ನಂಬದೆಯೂ ಇರಬಹುದು. ಆದರೆ ಲೆಕ್ಕ ಸರಿಯಿದೆಯಲ್ಲ! ಒಂದು, ಐದು. ಬೂಟಿನ ಸದ್ದಿಗೆ ಕಾಯುವ ಐದು ಹುಡುಗಿಯರು ಅವನ ಕಣ್ಣಿಗೆ ಕಟ್ಟಿದರು. ಎಲ್ಲರೂ ಬ್ರಯೊನಿಯಂತೆಯೇ ಇದ್ದರು. ಜೀವಮಾನದಲ್ಲಿ ಮೊದಲ ಸಲ ನೆವಿಲ್ ಬ್ರಾಡಕ್‌ಗೆ ತತ್ವಶಾಸ್ತ್ರ ಅರ್ಥವಾಯಿತು. ಅದು ಚುಟ್ಟಕ್ಕಿಂತ ಕೆಟ್ಟದಾಗಿತ್ತು.

ಮತಕ್ಕೆ ಹಾಕಿದರು. ಬೇಡ ಎನ್ನುವವರು ಕೈಯೆತ್ತಿ ಎಂದಾಗ ಅರ್ಧ ಸಭೆ ಎತ್ತಿತು. ಗ್ಲೆನಿಸ್ ಎರಡೂ ಕೈ ಎತ್ತಿದಳು. ಮೇಷ್ಟ್ರು ಒಂದನ್ನು ಇಳಿಸಲು ಹೇಳಿದರು. ಕೊಯ್ಯಬಹುದು ಎನ್ನುವವರು? ಇನ್ನರ್ಧ ಸಭೆ. ಮೇಷ್ಟ್ರು ಬೆರಳು ಮಡಿಸುತ್ತ ಎಣಿಸಿದರು, ತಿರುಗಿ ಎಣಿಸಿದರು.

‘ಸಮ ಸಮ ಆಗಿದೆ,’ ಎಂದರು. ‘ಇನ್ನೂ ಕೈ ಎತ್ತದೋರು ಯಾರಾದರೂ...’

ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಒಂದು ಕೈ ಮೆಲ್ಲಗೆ ಮೇಲೆದ್ದಿತು.

‘ಕೆಳಗಿಳಿಸೋ ಪೆದ್ದ!’ ಎಂದು ಗ್ಲೆನಿಸ್ ತೋಳು ಹಿಡಿದು ಎಳೆದಳು. ಇಳಿಯಲಿಲ್ಲ. ಇಡೀ ಸಭೆ ಹಿಂದಕ್ಕೆ ತಿರುಗಿತು. ಕೊಯ್ಯಬೇಕಾದವನೇ ಕೊಯ್ಯಿರಿ ಎನ್ನುತ್ತಿದ್ದಾನೆ! ಗೋಡೆಗೊರಗಿದ್ದ ಮಿಸೆಸ್ ಓಲ್ಡ್‌ರಾಯ್ಡ್ ನೆಟ್ಟಗಾದಳು. ಮುಗಿಯಿತೆಂದುಕೊಂಡ ಕೆಲಸ ಇನ್ನೂ ಮುಗಿದಿರಲಿಲ್ಲ.

‘ಒಂದು ಮತದಿಂದ ಬ್ರಯೊನಿ ಗೆದ್ದಿದಾಳೆ,’ ಎಂದರು ಮೇಷ್ಟ್ರು.

ಚಪ್ಪಾಳೆಯ ನಡುವೆ ಬ್ರಯೊನಿ ವೇದಿಕೆಯ ಮೇಲೆ ನಿಂತಲ್ಲೇ ಅಳತೊಡಗಿದಳು. ಗೆದ್ದ ಸಂತೋಷ ಎಂದರು ಎಲ್ಲರೂ.

ಹೊರಗೆ ತುಂತುರು. ಗ್ಲೆನಿಸ್ ಮಿಸೆಸ್ ಓಲ್ಡ್‌ರಾಯ್ಡ್‌ಳನ್ನು ಬಾಗಿಲಲ್ಲಿ ತಡೆದು, ತನ್ನ ಗಂಡ ಹುಟ್ಟಿದಾಗಿನಿಂದಲೂ ಹೀಗೇ ಎಂದು ವಿವರಿಸುತ್ತಿದ್ದಳು. ನೆವಿಲ್ ಕೊಡೆ ಬಿಡಿಸಿ ಮಗಳ ಬಳಿ ಹೋದ.

‘ಯಾಕಪ್ಪ ಕೈ ಎತ್ತಿದೆ?’ ಎಂದು ಅವಳು ಅವನ ಮೇಲೆ ಹರಿಹಾಯ್ದಳು. ‘ಯಾಕೆ ಎತ್ತಿದೆ ನೀನು?’

‘ನೀನು ಅಷ್ಟು ಚೆನ್ನಾಗಿ ಹೇಳ್ದೆ ಮರಿ...’

‘ನಾನು ಸೋಲ್ಬೇಕಿತ್ತು! ಊರೆಲ್ಲ ಸೇರಿ ತಪ್ಪು, ಅವನನ್ನ ಮುಟ್ಟಬಾರ್ದು ಅಂತ ಕೂಗ್ಬೇಕಿತ್ತು. ಅದಕ್ಕೇ ನಿನ್ನನ್ನ ಇಟ್ಕೊಂಡಿದ್ದು. ಯಾರು ಹೋದ್ರೆ ತಡೆಯೋಕಾಗಲ್ವೋ ಅವರನ್ನೇ ಇಟ್ಕೊಳ್ಳಿ, ಇಲ್ದಿದ್ರೆ ಅದು ಬರೀ ಕೂಡೋ ಕಳೆಯೋ ಲೆಕ್ಕ ಅಂದಿದ್ರು ಸರ್.’ ತೋಳಿನಲ್ಲಿ ಮೂಗೊರೆಸಿದಳು. ‘ಆಸ್ಪತ್ರೆಯವರು ದಿನ ಹೇಳಿದಾಗಿಂದ ನನಗೆ ನಿದ್ದೆ ಇಲ್ಲ. ಮೇಜಿನ ಮೇಲೆ ನೀನು ಮಲಗಿರೋದೇ ಕಣ್ಣ ಮುಂದೆ ಬರತ್ತೆ. ನಾಳೆ ಹೋಗ್ಬೇಡ ಅಪ್ಪ. ಹರ್ನಿಯಾ ಇದ್ರೆ ಇರ್ಲಿ. ಹೋಗ್ಬೇಡ.’

‘ಹೋಗ್ಬೇಡ.’ ವಾರವಿಡೀ ಯಾರಾದರೂ ಒಬ್ಬರು ಈ ಮಾತು ಹೇಳಲಿ ಎಂದು ನೆವಿಲ್ ಹಂಬಲಿಸಿದ್ದ. ಹೆಂಡತಿ ಹೇಳಲಿಲ್ಲ, ಮಾರ್ಲೀನ್ ಹೇಳಲಿಲ್ಲ, ಪಾದ್ರಿಯಮ್ಮನಂತೂ ಎರಡೂ ಕಡೆ ಹೇಳಿದಳು. ಈಗ ಬಂದಿದೆ, ಬಾಯಿಗಿಟ್ಟ ಸಿಹಿಯಂತೆ. ನುಂಗುವುದೊಂದೇ ಬಾಕಿ. ‘ಆಯ್ತು ಮರಿ, ನಿನಗೋಸ್ಕರ’ ಎಂದರೆ ಮುಗಿಯಿತು.

ಅವನು ಮಗಳ ಮುಖ ನೋಡಿದ. ತನ್ನ ಮುಖವನ್ನೇ ಕನ್ನಡಿಯಲ್ಲಿ ನೋಡಿದಂತಿತ್ತು. ಅದೇ ಸುಣ್ಣದ ಬಣ್ಣ, ಅದೇ ನಡುಗುವ ಗಲ್ಲ. ಎಂಥ ಆಸ್ತಿ ಕೊಟ್ಟೆ ಕೂಸಿಗೆ ಎಂದು ನಾಚಿಕೆಯಾಯಿತು.

‘ಏ ಹುಚ್ಚಿ,’ ಎಂದ, ದನಿ ಎಲ್ಲಿಂದ ಬಂತೋ. ‘ಹರ್ನಿಯಾ ಅಂದ್ರೆ ಏನು ಮಹಾ? ಹರಿದ ಜಾಗಕ್ಕೆ ತೇಪೆ ಹಾಕಿ ಅಂಚು ಹೊಲೀತಾರೆ. ಕಾರ್ಪೆಟ್ಟಿಗೆ ನಾನು ದಿನಾ ಮಾಡೋ ಕೆಲಸ. ಯಾವತ್ತಾದ್ರೂ ಕಾರ್ಪೆಟ್ ಸತ್ತಿದ್ದು ನೋಡಿದೀಯಾ?’

ಬ್ರಯೊನಿ ಅಳುವಿನ ನಡುವೆ ನಕ್ಕಳು. ‘ನಿನಗೆ ಭಯ ಇಲ್ವಾ?’

‘ಭಯನಾ? ಮನೆಗೆ ನಡಿ, ನೆನೀತೀಯ.’

ಹೀಗೆ ತಪ್ಪಿಸಿಕೊಳ್ಳಲು ಇದ್ದ ಒಂದೇ ದಾರಿಯನ್ನು ತನ್ನ ಕೈಯಾರೆ ಮುಚ್ಚಿಕೊಂಡು ನೆವಿಲ್ ಬ್ರಾಡಕ್ ಶುಕ್ರವಾರ ಬೆಳಿಗ್ಗೆ ಆಸ್ಪತ್ರೆ ಸೇರಿದ. ಬೆನ್ನು ತೆರೆದ ಹಸಿರು ಅಂಗಿ ತೊಡಿಸಿ ಅವನನ್ನು ಮಲಗಿಸಿದರು. ಗಾಲಿಮಂಚ ಉದ್ದದ ಹಾದಿಯಲ್ಲಿ ಹೊರಟಿತು. ಗ್ಲೆನಿಸ್ ಹಣೆಗೆ ಮುತ್ತಿಟ್ಟು ಅಲ್ಲೇ ನಿಂತಳು. ಬ್ರಯೊನಿ ಮಾತ್ರ ಕೊನೆಯ ಬಾಗಿಲವರೆಗೂ ಜೊತೆಗೆ ಓಡಿಬಂದಳು. ಅಲ್ಲಿ ಒಬ್ಬ ಮಲಯಾಳಿ ನರ್ಸ್ ಅವನ ಕೈ ಹಿಡಿದು ಹೆಸರು, ಹುಟ್ಟಿದ ದಿನ ಕೇಳಿ, ಆಮೇಲೆ ಮೆಲ್ಲಗೆ ಕೇಳಿದಳು:

‘ಭಯ ಆಗ್ತಿದೆಯಾ ಮಿಸ್ಟರ್ ಬ್ರಾಡಕ್?’

‘ಭಯನಾ? ನನಗಾ?’ ಹಾದಿಯ ಆ ತುದಿಗೂ ಕೇಳುವಂತೆ ಗುಡುಗಿದ ನೆವಿಲ್. ‘ಬೇಗ ಮುಗಿಸಿ ಅಂತ ಹೇಳಿ ಡಾಕ್ಟರಿಗೆ!’

ಬ್ರಯೊನಿ ನಕ್ಕು ಕೈ ಬೀಸಿದಳು. ಎರಡು ಬಾಗಿಲೂ ಒಂದರ ಮೇಲೊಂದು ಬಂದು ಮುಚ್ಚಿಕೊಂಡವು. ನೆವಿಲ್ ಕಿವಿಗೊಟ್ಟು, ಮಗಳ ಹೆಜ್ಜೆ ದೂರವಾಗುವವರೆಗೆ ಕಾದ.

‘ಆಗ್ತಿದೆ ತಾಯಿ,’ ಎಂದು ಪಿಸುಗುಟ್ಟಿದ. ‘ತುಂಬಾ ಆಗ್ತಿದೆ. ಕೈ ಬಿಡಬೇಡಿ.’

‘ನಾನೆಲ್ಲಿ ಬಿಡ್ಲಿ,’ ಎಂದಳು ನರ್ಸ್. ‘ಹಿಡಿದಿರೋದು ನೀವು.’